ಲಾಳಿ, ಜಪಮಣಿ, ಬಂದೂಕು

ಆ್ಯಕ್ಷನ್ ವಿಡಿಯೊ ಗೇಮ್‌ಗಳ ಮೇಲೆ ಆಡುವವರು ಹೊರಿಸುವ ದೂರುಗಳಲ್ಲಿ ತೀರ ಹಳೆಯದು, ತೀರ ಸಾಮಾನ್ಯವಾದದ್ದು ಒಂದೇ: ಮಾಡಿದ್ದನ್ನೇ ಮಾಡಬೇಕು. ಓಡು, ಹೊಡೆ, ಬಿದ್ದದ್ದನ್ನು ಬಾಚಿಕೋ, ಮತ್ತೆ ಓಡು. ಮೊದಲ ಎರಡು ಗಂಟೆ ಮೈ ಜುಮ್ಮೆನ್ನಿಸಿದ ಆಟ ಇಪ್ಪತ್ತನೆಯ ಗಂಟೆಯ ಹೊತ್ತಿಗೆ ದಿನಗೂಲಿಯಂತೆ ಭಾರವಾಗುತ್ತದೆ. 2007ರಲ್ಲಿ ಬಂದ ‘ಅಸ್ಯಾಸಿನ್ಸ್ ಕ್ರೀಡ್’ ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ. ಕ್ರುಸೇಡ್ ಕಾಲದ ಡಮಾಸ್ಕಸ್, ಏಕರ್, ಜೆರುಸಲೇಮ್ ನಗರಗಳನ್ನು ಅದು ಕಟ್ಟಿಕೊಟ್ಟ ಬಗೆಯನ್ನು ವಿಮರ್ಶಕರು ಬಾಯ್ತುಂಬ ಹೊಗಳಿದರು. ಆದರೆ ಒಂಬತ್ತು ಜನರನ್ನು ಕೊಲ್ಲಬೇಕಾದ ಆ ಕಥೆಯಲ್ಲಿ ಪ್ರತಿ ಕೊಲೆಗೂ ಮುಂಚೆ ಅದೇ ಗೋಪುರ ಹತ್ತಬೇಕು, ಅದೇ ಬೆಂಚಿನ ಮೇಲೆ ಕೂತು ಕದ್ದು ಕೇಳಬೇಕು, ಅದೇ ಬಗೆಯಲ್ಲಿ ಜೇಬು ಕತ್ತರಿಸಬೇಕು. 2009ರ ಎರಡನೆಯ ಭಾಗದಲ್ಲಿ ತಯಾರಕರು ಮುಖ್ಯವಾಗಿ ತಿದ್ದಲು ಹೊರಟದ್ದು ಇದನ್ನೇ. 2012ರ ‘ಫಾರ್ ಕ್ರೈ 3’ ಇನ್ನೂ ತಮಾಷೆಯದು. ಮಾಡಿದ್ದನ್ನೇ ಮಾಡುತ್ತ ಬೇರೆ ಫಲ ಬಯಸುವುದೇ ಹುಚ್ಚು ಎಂದು ಅದರ ಖಳನಾಯಕ ಬೋಧಿಸುತ್ತಾನೆ. ಆಡುವವನು ಆ ಬೋಧನೆ ಕೇಳಿ ಎದ್ದು, ಹಿಂದಿನದರಂತೆಯೇ ಇರುವ ಮತ್ತೊಂದು ಶತ್ರು ಠಾಣೆಯನ್ನು ಗೆಲ್ಲಲು ಹೊರಡುತ್ತಾನೆ.

ಈ ಆವರ್ತನೆ ಕೈತಪ್ಪಿನಿಂದ ಆದದ್ದಲ್ಲ. ಆಟ ಕಟ್ಟುವವರು ಚಿಕ್ಕದೊಂದು ಸುತ್ತನ್ನು ಮೊದಲು ಹೊಂದಿಸಿಕೊಂಡು, ಅದನ್ನು ನೂರಾರು ಸಲ ತಿರುಗಿಸುತ್ತಾರೆ. 2001ರ ‘ಹೇಲೋ’ ಆಟದ ವಿನ್ಯಾಸಕ ಜೇಮಿ ಗ್ರೀಸ್ಮರ್ ಆಡಿದ ‘ಮೂವತ್ತು ಸೆಕೆಂಡಿನ ಮೋಜು’ ಎಂಬ ಮಾತು ಈ ಉದ್ಯಮದಲ್ಲಿ ಗಾದೆಯಂತೆ ಓಡಾಡುತ್ತದೆ. ಆ ಮೂವತ್ತು ಸೆಕೆಂಡು ಪ್ರತಿ ಸಲವೂ ಬೇರೆ ಜಾಗದಲ್ಲಿ, ಬೇರೆ ಶತ್ರುವಿನೆದುರು, ಬೇರೆ ಆಯುಧದೊಡನೆ ಬರಬೇಕು ಎಂಬುದು ಅವರ ಮಾತಿನ ಇನ್ನರ್ಧ. ಆ ಅರ್ಧವನ್ನು ಉದ್ಯಮ ಮರೆತೇಬಿಟ್ಟಿತು.

ಹಾಗಾದರೆ ತಪ್ಪು ಆವರ್ತನೆಯದೇ? ಹೌದೆಂದು ಒಪ್ಪಿಬಿಟ್ಟರೆ ಧರ್ಮ, ಕಸುಬು, ಸಂಗೀತ ಮೂರನ್ನೂ ಒಟ್ಟಿಗೆ ತಿಪ್ಪೆಗೆ ಎಸೆಯಬೇಕಾಗುತ್ತದೆ. ಮೂರೂ ನಿಂತಿರುವುದು ಮತ್ತೆ ಮತ್ತೆ ಮಾಡುವುದರ ಮೇಲೆಯೇ. ಆದ್ದರಿಂದ ಪ್ರಶ್ನೆಯನ್ನು ಹೀಗೆ ಕೇಳಬೇಕು: ಒಂದೇ ಕ್ರಿಯೆ ಒಂದು ಕಡೆ ಬೇಸರ ತಂದು ಇನ್ನೊಂದು ಕಡೆ ಸಾಧನೆಯಾಗುವುದು ಏಕೆ?

ಇದನ್ನು ಪರೀಕ್ಷಿಸಲು ನಾರಾಯಣಪೇಟೆ, ಮಕ್ತಲ್, ಗದ್ವಾಲ್‌ಗಳಿಗಿಂತ ಒಳ್ಳೆಯ ಸೀಮೆ ಸಿಗುವುದು ಕಷ್ಟ. ಮೊದಲೆರಡು ಕೃಷ್ಣೆಯ ಬಡಗಣ ಮಗ್ಗುಲಲ್ಲಿವೆ, ಗದ್ವಾಲ್ ತೆಂಕಣ ಮಗ್ಗುಲಲ್ಲಿ. ಈಗ ತೆಲಂಗಾಣದ ನಕ್ಷೆಯಲ್ಲಿರುವ ಈ ನಾಡು ಕನ್ನಡಕ್ಕೆ ನೆಂಟಸ್ತಿಕೆಯದು: ಗದ್ವಾಲ್ ತಾಲ್ಲೂಕು 1956ರ ಪುನರ್ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಯಲ್ಲೇ ಇತ್ತು, 2019ರಲ್ಲಿ ಆದ ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಇಂದಿಗೂ ಮನೆಮಾತು ಕನ್ನಡ. ಬೇಸರಕ್ಕೆ ಈ ಕಡೆಯವರು ‘ಬ್ಯಾಸರಕಿ’ ಎನ್ನುತ್ತಾರೆ. ಮೈಯ ದಣಿವು, ಮನಸ್ಸಿನ ಜಡ್ಡು ಎರಡನ್ನೂ ಆ ಒಂದೇ ಮಾತು ಹೊರುತ್ತದೆ.

ಇಂಥ ಊರುಗಳಿಗೆ ವಿಡಿಯೊ ಗೇಮ್ ಬಂದದ್ದು ಹೆಚ್ಚಾಗಿ ಟಿವಿ, ಕಂಪ್ಯೂಟರುಗಳ ಮೂಲಕವಲ್ಲ, ಮೊಬೈಲ್ ಮೂಲಕ. 2018ರಲ್ಲಿ ಬಂದ ಪಬ್‌ಜಿ ಮೊಬೈಲ್ ಭಾರತದ ಸಣ್ಣ ಊರುಗಳ ಹುಡುಗರ ಆಟವೇ ಆಗಿಹೋಯಿತು. ವಿಮಾನದಿಂದ ನೂರು ಜನ ಒಂದು ದ್ವೀಪಕ್ಕೆ ಹಾರುತ್ತಾರೆ, ಬಂದೂಕು ಹುಡುಕುತ್ತಾರೆ, ಸುತ್ತಲಿನ ವೃತ್ತ ಕುಗ್ಗುತ್ತ ಬರುತ್ತದೆ, ಕೊನೆಗೆ ಒಬ್ಬ ಅಥವಾ ಒಂದು ತಂಡ ಉಳಿಯುತ್ತದೆ. ಅರ್ಧ ಗಂಟೆಯ ಮೇಲೆ ಮತ್ತೆ ವಿಮಾನ, ಮತ್ತೆ ನೂರು ಜನ. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು; 2021ರ ಜುಲೈನಲ್ಲಿ ಅದು ಹೆಸರು ಬದಲಿಸಿಕೊಂಡು ಬಂತು; 2022ರ ಜುಲೈನಲ್ಲಿ ಮತ್ತೆ ಮರೆಯಾಯಿತು; 2023ರ ಮೇ ತಿಂಗಳಲ್ಲಿ ಮತ್ತೆ ಬಂತು. ಸಾಯುವುದು, ಎದ್ದು ಬರುವುದು ಆಟದೊಳಗಿನ ಪಾತ್ರಕ್ಕಷ್ಟೇ ಅಲ್ಲ, ಆಟಕ್ಕೂ ಅಭ್ಯಾಸವಾಯಿತು.

ಅದೇ ಊರುಗಳಲ್ಲಿ ಮಗ್ಗಗಳೂ ಇವೆ. ನಾರಾಯಣಪೇಟೆಯ ಚೌಕುಳಿ ಸೀರೆ, ಗದ್ವಾಲಿನ ಹತ್ತಿ ಒಡಲಿನ ರೇಷ್ಮೆ ಅಂಚಿನ ಸೀರೆ, ಎರಡೂ ಭೌಗೋಳಿಕ ಗುರುತಿನ ಮಾನ್ಯತೆ ಪಡೆದಿವೆ. ನಾರಾಯಣಪೇಟೆಯ ಪದ್ಧತಿಯಲ್ಲಿ ಮಗ್ಗಕ್ಕೆ ಒಮ್ಮೆಗೇ ಐವತ್ತಾರು ಗಜದ ಹಾಸು ಏರಿಸಿ ಎಂಟು ಸೀರೆ ಇಳಿಸುತ್ತಾರೆ. ಗದ್ವಾಲಿನ ಕೆಲಸ ಇನ್ನೂ ತೊಡಕಿನದು. ಒಡಲಿನ ಹೊಕ್ಕು ಹತ್ತಿಯದು, ಎರಡೂ ಬದಿಯ ಅಂಚಿನದು ರೇಷ್ಮೆಯದು. ಹಾಗಾಗಿ ಮೂರು ಲಾಳಿ. ಒಡಲ ಲಾಳಿ ಅಂಚಿನ ಗಡಿಗೆ ಬಂದಾಗಲೆಲ್ಲ ಹತ್ತಿಯ ಎಳೆಯನ್ನು ರೇಷ್ಮೆಯ ಎಳೆಗೆ ಕೊಕ್ಕೆಯಂತೆ ಸಿಕ್ಕಿಸಬೇಕು. ಇದಕ್ಕೆ ಕುಪ್ಪಡಂ ಎನ್ನುತ್ತಾರೆ. ಒಂದು ಸೀರೆಯಲ್ಲಿ ಇಂಥ ಸಿಕ್ಕು ಸಾವಿರ ಸಾವಿರ. ಒಂದು ತಪ್ಪಿದರೂ ಅಂಚು ಒಡಲಿನಿಂದ ಬಾಯಿ ಬಿಡುತ್ತದೆ.

ಆವರ್ತನೆಯ ಲೆಕ್ಕದಲ್ಲಿ ನೋಡಿದರೆ ಯಾವ ಬಂದೂಕಿನ ಆಟವೂ ಮಗ್ಗಕ್ಕೆ ಸಮ ಬರುವುದಿಲ್ಲ. ಚಿತ್ತಾರದ ಅಂಚಿಗೆ ಬಳಸುವ ಜಕಾರ್ಡ್ ಯಂತ್ರವಂತೂ ಆಟಗಳ ಅಜ್ಜನೇ ಸರಿ. ಫ್ರಾನ್ಸಿನ ಜೋಸೆಫ್ ಮರೀ ಜಕಾರ್ಡ್ 1804ರ ಹೊತ್ತಿಗೆ ರೂಪಿಸಿದ ಆ ಏರ್ಪಾಟಿನಲ್ಲಿ ತೂತು ಕೊರೆದ ರಟ್ಟಿನ ಹಲಗೆಗಳನ್ನು ಸರದಂತೆ ಕಟ್ಟಿ ತಿರುಗಿಸುತ್ತಾರೆ. ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಎಂಬುದನ್ನು ತೂತುಗಳು ಹೇಳುತ್ತವೆ. ಸರ ಮುಗಿದಾಗ ಮೊದಲ ರಟ್ಟು ಮತ್ತೆ ಮೇಲೆ ಬರುತ್ತದೆ, ಹೂವು ಮತ್ತೆ ಮೊದಲಿನಿಂದ ಅರಳುತ್ತದೆ. ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ತನ್ನ ಗಣಕಯಂತ್ರದ ಕಲ್ಪನೆಗೆ ಎರವಲು ಪಡೆದದ್ದು ಈ ರಟ್ಟುಗಳನ್ನೇ. ಹುಡುಗನ ಕೈಲಿರುವ ಮೊಬೈಲಿನ ಸುತ್ತು, ನೇಕಾರನ ತಲೆಯ ಮೇಲೆ ತಿರುಗುವ ರಟ್ಟಿನ ಸುತ್ತು ಒಂದೇ ವಂಶದವು.

ಇಲ್ಲಿಂದ ಮಗ್ಗದ ಗುಣಗಾನಕ್ಕೆ ಜಾರುವುದು ಸುಲಭ. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ನೇಕಾರನ ಮುಖದಲ್ಲಿ ಧ್ಯಾನ ಕಾಣುವುದು ಸೀರೆ ಕೊಳ್ಳಲು ಬಂದ ಪೇಟೆಯವರ ಚಟ. ನೇಯುವವರಿಗೆ ಬೆನ್ನು ನೋಯುತ್ತದೆ, ಕಣ್ಣು ಮಂಜಾಗುತ್ತದೆ, ಕೂಲಿ ಸಾಲದು ಎಂಬ ಕೊರಗೂ ಇರುತ್ತದೆ. ಬ್ಯಾಸರಕಿ ಮಗ್ಗದ ಮನೆಗೂ ಗೊತ್ತು. ಹೀಗಾಗಿ ಕೈಕೆಲಸ ಪವಿತ್ರ, ಪರದೆಯ ಆಟ ಅಪವಿತ್ರ ಎಂಬ ವಿಂಗಡಣೆ ಉಪಯೋಗಕ್ಕೆ ಬಾರದು.

ಉಪಯೋಗಕ್ಕೆ ಬರುವ ಸಂಗತಿ ಗದ್ವಾಲಿನಲ್ಲೇ ಇದೆ. ತಿರುಮಲದ ಬ್ರಹ್ಮೋತ್ಸವದಲ್ಲಿ ವೆಂಕಟೇಶ್ವರನಿಗೆ ಗದ್ವಾಲ್ ಸಂಸ್ಥಾನದ ಪರವಾಗಿ ಏರುಜೋಡು ಎಂಬ ಜೋಡಿ ಪಂಚೆ ಸಲ್ಲುವುದು ಸಂಸ್ಥಾನದ ಕಾಲದಿಂದ ಬಂದ ವಾಡಿಕೆ. ಇದನ್ನು ನೇಯುವವರು ನಲವತ್ತೊಂದು ದಿನ, ಎಂದರೆ ಒಂದು ಮಂಡಲ, ವ್ರತನಿಯಮದಲ್ಲಿದ್ದು ನೇಯುತ್ತಾರೆ. ಮಗ್ಗ ಅಂಥದ್ದೇ, ಲಾಳಿ ಅಂಥದ್ದೇ, ಹಣಿಗೆಯ ಏಟು ಅಂಥದ್ದೇ. ವರ್ಷದ ಉಳಿದ ದಿನ ಕೂಲಿಗೆ ಸೀರೆ ನೇಯುವ ಕೈಗಳೇ ಪಂಚೆಯನ್ನೂ ನೇಯುತ್ತವೆ. ಹೊರಗಿನಿಂದ ಚಿತ್ರ ತೆಗೆದರೆ ಕೂಲಿಯ ದಿನ ಯಾವುದು, ವ್ರತದ ದಿನ ಯಾವುದು ಎಂದು ಹೇಳಲಾಗದು. ಒಂದೇ ಚಲನೆ ಒಮ್ಮೆ ದುಡಿಮೆ, ಒಮ್ಮೆ ಪೂಜೆ ಆಗುತ್ತದೆಂದರೆ, ಚಲನೆ ಒಂದೇ ಆಗಿರುವುದರಲ್ಲಿ ಬೇಸರದ ಬೇರು ಇಲ್ಲ. ಬೇರನ್ನು ಮಾಡುವವನ ಮತ್ತು ಮಾಡಿದ್ದರ ನಡುವಿನ ಸಂಬಂಧದಲ್ಲಿ ಹುಡುಕಬೇಕು.

ನೇಕಾರ ದಾರ್ಶನಿಕನೊಬ್ಬನ ಕಥೆ ಇದನ್ನು ಇನ್ನಷ್ಟು ಬಿಗಿಯಾಗಿಸುತ್ತದೆ. ಬಸವಣ್ಣನವರಿಗಿಂತ ಹಿಂದಿನವನಾದ ಜೇಡರ ದಾಸಿಮಯ್ಯನ ಊರು ಮುದನೂರು, ಈಗಿನ ಯಾದಗಿರಿ ಜಿಲ್ಲೆಯದು. ನಾರಾಯಣಪೇಟೆಗೆ ನೆರೆಯ ಸೀಮೆ. ಅವನು ನೇಯ್ದ ಚೆಲುವಾದ ಬಟ್ಟೆಯನ್ನು ಜಂಗಮನೊಬ್ಬ ಕಣ್ಣೆದುರೇ ಹರಿದು ಹಾಕಿದನೆಂದೂ, ದಾಸಿಮಯ್ಯ ಸಿಟ್ಟಾಗಲಿಲ್ಲವೆಂದೂ, ಆ ಜಂಗಮ ಶಿವನೇ ಆಗಿದ್ದು ತವನಿಧಿ, ಅಂದರೆ ಬರಿದಾಗದ ನಿಧಿ, ಕೊಟ್ಟನೆಂದೂ ಪರಂಪರೆ ಹೇಳುತ್ತದೆ. ತವನಿಧಿಯ ಭಾಗವನ್ನು ಬದಿಗಿಟ್ಟು ಹರಿದ ಬಟ್ಟೆಯನ್ನಷ್ಟೇ ನೋಡಬೇಕು. ಬಟ್ಟೆ ಉಳಿಯುತ್ತದೆ ಎಂಬ ಒಂದೇ ಕಾರಣಕ್ಕೆ ನೇಯ್ಗೆ ಸಾರ್ಥಕವಾಗಿದ್ದರೆ ಆ ಗಳಿಗೆಯಲ್ಲಿ ದಾಸಿಮಯ್ಯ ಕುಸಿಯಬೇಕಿತ್ತು. ಆಟದಲ್ಲಿ ಉಳಿಸಿಟ್ಟ ಹಂತ ಅಳಿಸಿಹೋದಾಗ ಹುಡುಗ ಕುಸಿಯುತ್ತಾನೆ. ಅವನ ಇಪ್ಪತ್ತು ಗಂಟೆಯೆಲ್ಲ ಆ ಹಂತದಲ್ಲೇ ಇತ್ತು, ಅವನಲ್ಲಿ ಏನೂ ಇರಲಿಲ್ಲ.

ಜಪದ ವಿಚಾರಕ್ಕೆ ಬಂದರೆ ಆವರ್ತನೆ ಇನ್ನೂ ಬೋಳು. ಅಲ್ಲಿ ಬಟ್ಟೆಯೂ ಇಳಿಯುವುದಿಲ್ಲ. ನೂರೆಂಟು ಮಣಿ ಎಣಿಸಿದ ಮೇಲೆ ಬೆರಳು ಮೊದಲ ಮಣಿಗೇ ಬಂದಿರುತ್ತದೆ. ಆದರೂ ಗೀತೆಯ ಹತ್ತನೆಯ ಅಧ್ಯಾಯದ ಕೃಷ್ಣ ಯಜ್ಞಗಳಲ್ಲಿ ತಾನು ಜಪಯಜ್ಞ ಎಂದು ಹೇಳಿಕೊಂಡಿದ್ದಾನೆ. ಮಕ್ತಲಿನ ಪಡಮಟಿ ಆಂಜನೇಯನ ಗುಡಿಯ ಪ್ರದಕ್ಷಿಣೆಯೂ ಇದೇ ಜಾತಿಯದು. ನಡೆದವರು ನಡೆದಲ್ಲಿಗೇ ಬರುತ್ತಾರೆ. ಮಕ್ತಲ್ ಮಂಡಲದ ಪಂಚದೇವಪಹಾಡದಿಂದ ಹರಿಗೋಲಿನಲ್ಲಿ ಕೃಷ್ಣೆ ದಾಟಿದರೆ ರಾಯಚೂರು ಜಿಲ್ಲೆಯ ನಡುಗಡ್ಡೆ ಕುರುವಪುರ, ದತ್ತಾವತಾರಿ ಎನಿಸಿದ ಶ್ರೀಪಾದ ಶ್ರೀವಲ್ಲಭರ ಸ್ಥಾನ. ಅಲ್ಲಿ ಗುರುಚರಿತ್ರೆಯನ್ನು ಏಳು ದಿನಕ್ಕೆ ಓದಿ ಮುಗಿಸುವ ಭಕ್ತರು ಕಥೆ ಏನಾಗುತ್ತದೆಂಬ ಕುತೂಹಲಕ್ಕೆ ಓದುವುದಿಲ್ಲ. ಕಥೆ ಅವರಿಗೆ ಬಾಯಿಪಾಠ. ಗೊತ್ತಿರುವುದನ್ನೇ ಓದುವುದು ಅಲ್ಲಿ ಕೊರತೆಯಲ್ಲ, ಓದಿನ ನಿಯಮವೇ ಅದು.

ಪತಂಜಲಿಯ ಯೋಗಸೂತ್ರ ಮೊದಲ ಪಾದದಲ್ಲಿ ಅಭ್ಯಾಸಕ್ಕೆ ಮೂರು ಲಕ್ಷಣ ಕೊಡುತ್ತದೆ: ದೀರ್ಘಕಾಲ, ನಡುವೆ ಬಿಡದಿರುವುದು, ಆದರ. ಮೊದಲ ಎರಡು ಯಾವ ಗೇಮ್ ಕಂಪನಿಗೂ ಗೊತ್ತಿರುವ ಗುಟ್ಟು. ಅವರ ವ್ಯಾಪಾರವೇ ಅದು. ಮೂರನೆಯದನ್ನು ಅವರು ಕೊಡಲಾರರು. ಆದರವೆಂದರೆ ಮಾಡುತ್ತಿರುವ ಕೆಲಸದ ಕಡೆಗೆ ಪ್ರತಿ ಸಲವೂ ಹೊಸದಾಗಿ ಮನಸ್ಸು ಕೊಡುವುದು. ಕುಪ್ಪಡದ ಸಿಕ್ಕು ಅದನ್ನು ಕೇಳಿ ಪಡೆಯುತ್ತದೆ, ಯಾಕೆಂದರೆ ಅದು ಮನಸ್ಸಿಲ್ಲದೆ ಕೂಡುವುದೇ ಇಲ್ಲ. ಐವತ್ತನೆಯ ಶತ್ರು ಠಾಣೆ ಅದನ್ನು ಕೇಳುವುದಿಲ್ಲ. ಹೆಬ್ಬೆರಳು ತಾನೇ ತಾನಾಗಿ ಗೆಲ್ಲುತ್ತದೆ, ಮನಸ್ಸು ಬೇರೆಲ್ಲೋ ಇರುತ್ತದೆ. ಬೇಸರ ಶುರುವಾಗುವುದು ಬೆರಳು ಕಲಿತ ಮೇಲೆ, ಮನಸ್ಸಿಗೆ ಕೆಲಸ ತಪ್ಪಿದಾಗ.

ಮನಸ್ಸಿಲ್ಲದ ಜಪವೂ ಇದೇ ಗತಿ ಕಾಣುತ್ತದೆ. ಇದನ್ನು ಗಟ್ಟಿಯಾಗಿ ಹೇಳಿದವರು ನಾಸ್ತಿಕರಲ್ಲ, ಭಕ್ತರೇ. ನೀರಿನಲ್ಲಿ ಮುಳುಗೆದ್ದರೆ, ಮಣಿ ತಿರುಗಿಸಿದರೆ, ಹೂವೇರಿಸಿದರೆ ಆಗುವುದೇನು ಎಂದು ಅಲ್ಲಮ ಕೇಳಿದ, ಪುರಂದರದಾಸರು ಕೇಳಿದರು. 18ನೆಯ ಶತಮಾನದ ಗೋಪಾಲದಾಸರು ಹುಟ್ಟಿದ್ದು ರಾಯಚೂರು ಸೀಮೆಯ ಮೊಸರಕಲ್ಲಿನಲ್ಲಿ, ನೆಲೆಸಿದ್ದು ಈಗ ಗದ್ವಾಲ್ ಜಿಲ್ಲೆಗೆ ಸೇರಿದ ಉತ್ತನೂರಿನಲ್ಲಿ. ಅವರ ದಾಸಪಂಥ ನಾಮಸ್ಮರಣೆಯನ್ನು ಎಷ್ಟು ಎತ್ತಿ ಹಿಡಿಯಿತೋ ಡಾಂಭಿಕ ಆಚಾರವನ್ನು ಅಷ್ಟೇ ಹೀಯಾಳಿಸಿತು. ಒಂದೇ ಬಾಯಿ ಎರಡನ್ನೂ ಹೇಳುವುದರಲ್ಲಿ ವಿರೋಧವಿಲ್ಲ. ನಾಮ ನೂರು ಸಲ ಬರಬೇಕು, ಆದರೆ ನೂರನೆಯ ಸಲ ಹೇಳುವವನು ಮೊದಲ ಸಲ ಹೇಳಿದವನಾಗಿ ಉಳಿದಿರಬಾರದು.

ಮೀಮಾಂಸಕರು ಕರ್ಮವನ್ನು ವಿಂಗಡಿಸಿದ ರೀತಿ ಇಂದಿನ ಆಟಗಳನ್ನು ಅರ್ಥಮಾಡಿಕೊಳ್ಳಲು ಅನಿರೀಕ್ಷಿತವಾಗಿ ನೆರವಾಗುತ್ತದೆ. ಫಲ ಬಯಸಿ ಮಾಡುವುದು ಕಾಮ್ಯಕರ್ಮ. ಮಳೆ ಬೇಕಾದವನ ಇಷ್ಟಿ, ಮಗ ಬೇಕಾದವನ ಇಷ್ಟಿ. ಫಲ ಸಿಕ್ಕ ಮೇಲೆ ಅದನ್ನು ಮತ್ತೆ ಮಾಡಬೇಕಿಲ್ಲ. ಸಂಧ್ಯಾವಂದನೆಯಂಥದು ನಿತ್ಯಕರ್ಮ. ಮಾಡಿದರೆ ಸ್ವರ್ಗ, ಸಂಪತ್ತು ಏನೂ ಬರದು. ಬಿಟ್ಟರೆ ಪ್ರತ್ಯವಾಯ, ಅಂದರೆ ದೋಷ. ದಿನವೂ ಮಾಡಬೇಕಾದ್ದಕ್ಕೆ ಫಲದ ಆಸೆ ತೋರಿಸಕೂಡದು ಎಂಬ ಎಚ್ಚರ ಈ ವಿಂಗಡಣೆಯಲ್ಲಿದೆ. ಇಂದಿನ ಮೊಬೈಲ್ ಆಟ ಎರಡನ್ನೂ ಕಲಸಿಬಿಟ್ಟಿದೆ. ದಿನಾ ಬಂದು ಹಾಜರಿ ಹಾಕಿದರೆ ಬಹುಮಾನ, ಏಳು ದಿನ ಬಿಡದೆ ಬಂದರೆ ದೊಡ್ಡ ಬಹುಮಾನ, ಒಂದು ದಿನ ತಪ್ಪಿದರೆ ಸರಣಿ ಕಡಿದು ಮೊದಲಿನಿಂದ ಶುರು. ಇದು ನಿತ್ಯಕರ್ಮದ ವೇಷ ತೊಟ್ಟ ಕಾಮ್ಯಕರ್ಮ: ಆಸೆಯನ್ನೂ ತೋರಿಸುತ್ತದೆ, ಪ್ರತ್ಯವಾಯದ ಭಯವನ್ನೂ ಹಾಕುತ್ತದೆ. ಬಹುಮಾನದ ಪೆಟ್ಟಿಗೆಯಲ್ಲಿ ಏನಿದೆಯೆಂದು ಮೊದಲೇ ತಿಳಿಯದಂತೆ ಮಾಡಿದರೆ ಹಿಡಿತ ಇನ್ನೂ ಬಿಗಿಯಾಗುತ್ತದೆ. ಯಾವಾಗ ಕಾಳು ಬೀಳುತ್ತದೆಂದು ತಿಳಿಯದ ಪಾರಿವಾಳ ಗುಂಡಿಯನ್ನು ಕುಕ್ಕುತ್ತಲೇ ಇರುತ್ತದೆ ಎಂದು ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಕಳೆದ ಶತಮಾನದ ನಡುವಿಗೇ ತೋರಿಸಿದ್ದರು. ಸಂತೋಷವಿಲ್ಲದೆಯೂ ಆಡುವುದು ನಿಲ್ಲದಿರುವುದರ ರಹಸ್ಯ ಇಲ್ಲಿದೆ. ‘ಬೋರ್ ಆಗ್ಯದ, ಆದ್ರ ಬಿಡಾಕ ಆಗವಲ್ದು’ ಎನ್ನುವವನ ಮಾತಿನಲ್ಲಿ ಎರಡೂ ಕರ್ಮದ ಹೊರೆ ಒಟ್ಟಿಗೇ ಇದೆ.

ಆವರ್ತನೆಯ ಆಟಗಳೆಲ್ಲ ಹೀಗೆಯೇ ಎಂದರೆ ಅನ್ಯಾಯವಾದೀತು. 1980ರ ದಶಕದ ‘ಟೆಟ್ರಿಸ್’ ಆವರ್ತನೆ ಬಿಟ್ಟರೆ ಬೇರೇನೂ ಅಲ್ಲ, ಆದರೂ ಅದು ಪುನರುಕ್ತಿ ಎಂದು ದೂರಿದವರು ಕಡಿಮೆ. 2011ರ ‘ಡಾರ್ಕ್ ಸೋಲ್ಸ್’ ಒಂದೇ ದಾರಿಯಲ್ಲಿ ಮೂವತ್ತು ಸಲ ಸಾಯಿಸುತ್ತದೆ. ಮೂವತ್ತೊಂದನೆಯ ಸಲ ದಾಟಿದವನು ಅದೇ ದಾರಿಯನ್ನು ಬೇರೆ ಕಣ್ಣಿನಿಂದ ನೋಡುತ್ತಾನೆ. 2020ರ ‘ಹೇಡೀಸ್’ ಪ್ರತಿ ಸಾವಿನ ನಂತರ ನಾಯಕನನ್ನು ಮನೆಗೆ ಕಳಿಸುತ್ತದೆ, ಅಲ್ಲಿ ಮಾತುಕತೆ ಮುಂದುವರಿದಿರುತ್ತದೆ. ಊರ ಕಟ್ಟೆಯ ಮೇಲೆ ಕಲ್ಲಲ್ಲಿ ಕೆತ್ತಿದ ಮನೆಗಳ ಸುತ್ತ ಕೂತು ಕವಡೆ ಬೀಸುವ ಚೌಕಾಬಾರವೂ ದಿನವೂ ಅದೇ ಆಟ. ಎದುರಿಗೆ ಕೂತವರು ಬೇರೆ, ಅವರ ಕೀಟಲೆ ಬೇರೆ. ಪುನರುಕ್ತಿಯ ದೂರು ಹುಟ್ಟುವುದು ದೊಡ್ಡ ಲೋಕದ ಆಸೆ ಹುಟ್ಟಿಸಿ ಚಿಕ್ಕ ಸುತ್ತನ್ನು ಕೈಗಿಡುವ ಆಟಗಳ ಮೇಲೆ. ಬರೀ ಸುತ್ತನ್ನೇ ಮುಂದಿಡುವ ಆಟ ಯಾರನ್ನೂ ವಂಚಿಸುವುದಿಲ್ಲ.

ನಿರಾಸೆಗೂ ಶಾಸ್ತ್ರಗಳಲ್ಲಿ ಮರ್ಯಾದೆಯ ಜಾಗವಿದೆ. ಮುಂಡಕೋಪನಿಷತ್ತಿನ ಮೊದಲ ಮುಂಡಕ, ಕರ್ಮದಿಂದ ಗಳಿಸಿದ ಲೋಕಗಳನ್ನು ಪರೀಕ್ಷಿಸಿ ನೋಡಿದವನು ನಿರ್ವೇದಕ್ಕೆ, ಅಂದರೆ ವೈರಾಗ್ಯಕ್ಕೆ ತಿರುಗಿಸುವ ಬೇಸರಕ್ಕೆ, ಬರಬೇಕು ಎನ್ನುತ್ತದೆ. ನಾಟ್ಯಶಾಸ್ತ್ರದ ಭರತ ಬಂದು ಹೋಗುವ ಮೂವತ್ತಮೂರು ವ್ಯಭಿಚಾರಿ ಭಾವಗಳನ್ನು ಎಣಿಸುವಾಗ ನಿರ್ವೇದವನ್ನು ಮೊದಲು ಇಟ್ಟ. ಅಮಂಗಳವಾದ ಅದನ್ನು ಮೊದಲು ಇಟ್ಟದ್ದಕ್ಕೆ ಕಾರಣವಿರಬೇಕೆಂದು ಊಹಿಸಿ ಕಾವ್ಯಮೀಮಾಂಸಕ ಮಮ್ಮಟ ಅದನ್ನು ಶಾಂತರಸದ ಸ್ಥಾಯಿಭಾವವೆಂದು ಹಿಡಿದ. ಮಹಾಭಾರತದ ಯಯಾತಿ ಈ ಹಾದಿಯ ಹಿರಿಯ ಆಟಗಾರ. ಮಗ ಪೂರುವಿನಿಂದ ಯೌವನ ಎರವಲು ಪಡೆದು, ಅಂದರೆ ಇನ್ನೊಂದು ಜೀವ ಸಂಪಾದಿಸಿ, ಸಾವಿರ ವರ್ಷ ಅದೇ ಭೋಗಗಳನ್ನು ಸುತ್ತಿ ಬಂದ. ತುಪ್ಪ ಸುರಿದ ಬೆಂಕಿಯಂತೆ ಆಸೆ ಬೆಳೆಯಿತೇ ವಿನಾ ಆರಲಿಲ್ಲವೆಂದು ಕಂಡುಕೊಂಡು ಯೌವನವನ್ನು ಮರಳಿಸಿದ. ಆಟವೊಂದನ್ನು ಅರ್ಧಕ್ಕೆ ಬಿಟ್ಟವನ ಬೇಸರ ಯಯಾತಿಯದರ ಪುಟ್ಟ ತಮ್ಮ. ಆದರೆ ಎಲ್ಲ ಬೇಸರವೂ ನಿರ್ವೇದವಲ್ಲ. ಒಂದು ಆಟ ಅಳಿಸಿ ಅದರಂಥದೇ ಇನ್ನೊಂದನ್ನು ಇಳಿಸಿಕೊಳ್ಳುವವನಿಗೆ ಆಗಿರುವುದು ಆ ಆಟದ ಮೇಲಿನ ಬೇಸರ, ಭೋಗದ ಮೇಲಿನದಲ್ಲ. ಯಯಾತಿ ಪೂರುವಿನ ಯೌವನ ಮರಳಿಸಿ ಇನ್ನೊಬ್ಬ ಮಗನದನ್ನು ಕೇಳಿದ್ದರೆ ಹೇಗೋ ಹಾಗೆ ಅದು.

ಉಳಿಯುವ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು: ಸೃಷ್ಟಿಯೇ ಪುನರುಕ್ತಿಯಾದರೆ? ಋಗ್ವೇದದ ಹತ್ತನೆಯ ಮಂಡಲದ ಸೂಕ್ತವೊಂದು ಸೂರ್ಯಚಂದ್ರರನ್ನು ಧಾತೃ ಹಿಂದಿನಂತೆಯೇ ರೂಪಿಸಿದ ಎನ್ನುತ್ತದೆ. ಕಲ್ಪ ಮುಗಿದು ಪ್ರಳಯ, ಪ್ರಳಯ ಕಳೆದು ಅದೇ ಕಲ್ಪ. ತಿಂಗಳೆರಡು ತಿಂಗಳಿಗೊಮ್ಮೆ ಎಲ್ಲರ ಶ್ರೇಣಿಯನ್ನೂ ಕೆಳಗಿಳಿಸಿ ಹೊಸ ‘ಸೀಸನ್’ ಶುರುಮಾಡುವ ಆಟಕ್ಕೂ ಇದಕ್ಕೂ ಏನು ವ್ಯತ್ಯಾಸ? ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಉತ್ತರ, ಸೃಷ್ಟಿ ಲೀಲೆ ಎಂಬುದು. ಅಲ್ಲಿ ಎದುರಾಗುವ ಆಕ್ಷೇಪ ಬಹಳ ಚುರುಕಿನದು: ಏನೂ ಬೇಕಿಲ್ಲದವನು ಏನನ್ನಾದರೂ ಏಕೆ ಮಾಡುತ್ತಾನೆ? ಎಲ್ಲವೂ ಇರುವ ರಾಜ ಆಟವಾಡುವಂತೆ, ಉಸಿರು ತಾನಾಗಿ ಆಡುವಂತೆ ಎಂದು ಶಂಕರರು ವಿವರಿಸಿದರು. ಸಂತೋಷ ಉಕ್ಕಿದವನು ಕುಣಿಯುವಂತೆ ಎಂದರು ಮಧ್ವರು. ಕುಣಿಯುವವನು ಕುಣಿತದಿಂದ ಸಂತೋಷ ಗಳಿಸುವುದಿಲ್ಲ. ಇದ್ದ ಸಂತೋಷ ಕುಣಿತವಾಗುತ್ತದೆ. ಹಾಗಾಗಿ ಎಷ್ಟು ಸಲ ಕುಣಿದರೂ ಅದು ಪುನರುಕ್ತಿಯಲ್ಲ. ಬೇಸರವಾಗಲು ಏನೋ ಸಿಗಬೇಕೆಂದು ಕಾದಿರಬೇಕು. ಈ ಅಳತೆಯಲ್ಲಿ ಅಂಕಿಗಾಗಿ, ಶ್ರೇಣಿಗಾಗಿ, ಪೆಟ್ಟಿಗೆಗಾಗಿ ಆಡುವುದು ಆಟವೆಂಬ ಹೆಸರಿಗೇ ಅರ್ಹವಲ್ಲ, ಅದು ಸಂಬಳವಿಲ್ಲದ ನೌಕರಿ.

ಮೋಕ್ಷದ ಬಗೆಗೂ ಇದೇ ಅನುಮಾನ ಏಳುತ್ತದೆ. ಛಾಂದೋಗ್ಯದ ಎಂಟನೆಯ ಅಧ್ಯಾಯ ಮುಕ್ತನನ್ನು ನಗುವವನು, ಆಡುವವನು, ನಲಿಯುವವನು ಎಂದು ಚಿತ್ರಿಸುತ್ತದೆ. ಕೊನೆಯಿಲ್ಲದ ಕಾಲ ಆಡುತ್ತ ಹೋದರೆ ಅಲ್ಲಿಯೂ ಬೇಸರ ಬಾರದೆ? ಉತ್ತನೂರಿನ ದಾಸರು ನಂಬಿದ ದ್ವೈತ ಮತದ ಉತ್ತರ ನೇರವಾಗಿದೆ: ಹರಿಯ ಗುಣಗಳಿಗೆ ಅಂತವಿಲ್ಲ, ನೋಡುವ ಜೀವಕ್ಕೆ ಅವು ಎಂದೂ ಪೂರ್ತಿ ತಿಳಿಯುವುದಿಲ್ಲ, ಆದ್ದರಿಂದ ನೋಡಿದ್ದನ್ನೇ ನೋಡುವ ಪ್ರಸಂಗ ಬರುವುದಿಲ್ಲ. ಪಬ್‌ಜಿಯ ಮೊದಲ ದ್ವೀಪದ ಅಗಲ ಎಂಟು ಕಿಲೋಮೀಟರು, ಉದ್ದ ಎಂಟು ಕಿಲೋಮೀಟರು. ಅದರ ಪ್ರತಿ ಮನೆಯ ಪ್ರತಿ ಬಾಗಿಲೂ ಕೆಲವು ವಾರಕ್ಕೆ ಗೊತ್ತಾಗಿಬಿಡುತ್ತದೆ. ಅದ್ವೈತಿ ಈ ಉತ್ತರವನ್ನು ಒಪ್ಪುವುದಿಲ್ಲ. ಆಡುವವನು, ಆಟ ಎಂಬ ಎರಡು ಇರುವವರೆಗೂ ಅದು ಕೊನೆಯ ಮಾತಲ್ಲ ಎಂಬುದು ಅವನ ನಿಲುವು. ಛಾಂದೋಗ್ಯದ ಆ ನಗು ಆಟಗಳನ್ನು ಅವನು ಉಪಾಧಿಯ, ಅಂದರೆ ಹೊರಗಿನಿಂದ ಅಂಟಿದ ಮಿತಿಯ, ಕಡೆಯಿಂದ ಆಡಿದ ಮಾತೆಂದು ಓದುತ್ತಾನೆ. ಎರಡು ಕಾಣದಲ್ಲಿ ಮೊದಲ ಸಲ, ಎರಡನೆಯ ಸಲ ಎಂಬ ಎಣಿಕೆಗೂ ಅವನ ಲೆಕ್ಕದಲ್ಲಿ ಜಾಗವಿಲ್ಲ.